ಪರ್ಸಿವಿಯರ್ ಶಬ್ದಕ್ಕೆ ಮೂರು ನಿಮಿಷ

ನನ್ನ ಗಂಡ ಸದಾನಂದರದ್ದು ಉಡದ ಪಟ್ಟು. ಚೆನ್ನೈಯ ಪುರಸೈವಾಕ್ಕಂನ ಹೋಟೆಲಿನಲ್ಲಿ ಸಪ್ಲಾಯರ್. ಇಡ್ಲಿಯಿಂದ ಬಾದಾಮಿ ಹಾಲಿನವರೆಗೆ ಒಂದೇ ಉಸಿರಿನಲ್ಲಿ ಒಪ್ಪಿಸುತ್ತಾರೆ. ನಡುವೆ ಯಾರಾದರೂ ಬಾಯಿ ಹಾಕಿದರೆ ಮತ್ತೆ ಇಡ್ಲಿಯಿಂದಲೇ ಶುರು.

ಮಗಳು ವೀಕ್ಷಾಳಿಗೆ ಮಾತು ತೊದಲುತ್ತದೆ. ಪಕಾರ ಬಂದರಂತೂ ತುಟಿ ಅಂಟಿಕೊಂಡೇ ಬಿಡುತ್ತದೆ. ಅಂಥವಳು ಶಾಲೆಯ ಸ್ಪರ್ಧೆಗೆ ತಾನೇ ಹೆಸರು ಕೊಟ್ಟು ಬಂದಳು. ಒಂದು ಇಂಗ್ಲಿಷ್ ಶಬ್ದದ ಬಗ್ಗೆ ಮೂರು ನಿಮಿಷ ಮಾತಾಡಬೇಕು. ಬಹುಮಾನ ಬೇಡ, ಒಮ್ಮೆ ಎಲ್ಲರೆದುರು ಮಾತು ಮುಗಿಸಿದರೆ ಸಾಕು ಎಂದಳು. ಶಬ್ದ ಆರಿಸಿದ್ದು ಇವರು: ಪರ್ಸಿವಿಯರ್. ಲೋಕದಲ್ಲಿ ಬೇರೆ ಶಬ್ದವೇ ಇರಲಿಲ್ಲವೇ!

"ಕಷ್ಟದ್ದೇ ಹಿಡಿಬೇಕು ಮಾರಾಯ್ತಿ. ಹೆದರಿ ಬಿಡ್ಲಿಕ್ಕುಂಟಾ?" ಎಂದರು.

ಕಲಿಸಿದ್ದೂ ಹೋಟೆಲಿನ ತಿಂಡಿ ಒಪ್ಪಿಸುವ ಹಾಗೆಯೇ. ಮೂಲ ಲ್ಯಾಟಿನ್, ಪರ್ ಎಂದರೆ ಪೂರ್ತಿ, ಸೆವೆರಸ್ ಎಂದರೆ ಕಟ್ಟುನಿಟ್ಟು, ಎಷ್ಟೇ ಕಷ್ಟ ಬಂದರೂ ಹಿಡಿದದ್ದನ್ನು ಬಿಡದಿರುವುದು. ಎಲ್ಲ ಒಂದೇ ರಾಗ. ಆಶ್ಚರ್ಯವೆಂದರೆ ಆ ರಾಗದಲ್ಲಿ ಅವಳು ತೊದಲಲಿಲ್ಲ. ನನಗೂ ಆಸೆ ಹುಟ್ಟಿತು.

ವೇದಿಕೆಯ ಮೇಲೆ ಚೆನ್ನಾಗಿಯೇ ಶುರುಮಾಡಿದಳು. ಅಷ್ಟರಲ್ಲಿ ಟೀಚರು ನಗುತ್ತ, "ಮೆದುವಾ ಸೊಲ್ಲುಮ್ಮಾ" ಎಂದರು. ನಿಧಾನವಾಗಿ ಹೇಳಮ್ಮ ಎಂಬ ಒಳ್ಳೆಯ ಮಾತೇ. ವೀಕ್ಷಾ ನಿಂತುಬಿಟ್ಟಳು. ನಡುವಿನಿಂದ ಎತ್ತಿಕೊಳ್ಳುವುದನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ. ಮತ್ತೆ ಮೊದಲಿನಿಂದಲೇ ಹೇಳಬೇಕು, ಮೊದಲಿಗೇ ಆ ಶಬ್ದ.

"ಪ... ಪ..."

ಹಿಂದಿನ ಸಾಲಿನ ಮಕ್ಕಳು ಕಿಸಕ್ಕೆಂದರು. ಸಮಯ ಮುಗಿದ ಗಂಟೆ ಹೊಡೆಯಿತು. ಅವಳು ಇಳಿಯಲಿಲ್ಲ. ಕುತ್ತಿಗೆಯ ನರ ಉಬ್ಬಿತ್ತು, ತುಟಿ ನಡುಗುತ್ತಿತ್ತು. ಎದ್ದು ಹೋಗಿ ತಬ್ಬಿಕೊಳ್ಳುವಂತಿಲ್ಲ, ಕೂತು ನೋಡುವಂತಿಲ್ಲ.

ಪಕ್ಕದಲ್ಲಿದ್ದ ಇವರು ತಟ್ಟನೆ ಎದ್ದು ನಿಂತರು.

"ಸಾಕು ಮಗಾ, ಬಿಡು! ಇಳಿದು ಬಾ!"

ಇವರ ಬಾಯಲ್ಲಿ ಬಿಡು ಎಂಬ ಮಾತನ್ನು ನಾನು ಕೇಳಿದ್ದು ಅದೇ ಮೊದಲು. ವೀಕ್ಷಾ ಅಪ್ಪನನ್ನೇ ನೋಡಿದಳು. ಬಾಯಿ ಮುಚ್ಚಿಕೊಂಡು ಇಳಿದು ಬಂದಳು. ಜನ ಪಾಪ ಎಂದು ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆಗೆ ಬೆಂಕಿ ಬೀಳಲಿ.

ಬಸ್ ಸ್ಟಾಪಿಗೆ ನಡೆದು ಬಂದೆವು. ಅಲ್ಲಿ ನಿಂತು ಅವಳು, ಒಂದಿಷ್ಟೂ ತೊದಲದೆ, ತಮಿಳಿನಲ್ಲಿ ಹೇಳಿದಳು: "ವಂದುಡುಚ್ಚುಪ್ಪಾ. ನೀಂಗದಾನ್ ಕೂಪ್ಟೀಂಗ."

ಶಬ್ದ ಬಾಯಿಗೆ ಬಂದೇಬಿಟ್ಟಿತ್ತಪ್ಪಾ, ನೀವೇ ಕರೆದಿರಿ ಎಂದು.