ಆಪರೇಟರಮ್ಮ ಮತ್ತು ಮಂಗಳವಾರದ ನರ್ಸು

ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತನಾಲ್ಕು ವರ್ಷ ದುಡಿದದ್ದರಿಂದ ಓಣಿಯವರಿಗೆಲ್ಲ ಆಕೆ ಆಪರೇಟರಮ್ಮ. ದನಿ ಕೇಳಿದರೆ ಸಾಕು, ಆಡುವವರ ಹೊಟ್ಟೆಯೊಳಗೇನಿದೆ ಎಂದು ಹೇಳಬಲ್ಲೆ ಎಂಬ ಜಂಬ. ಎಪ್ಪತ್ತಾರು ತುಂಬಿದರೂ ಎರಡನೆಯ ಮಹಡಿಯ ಬಾಡಿಗೆ ಮನೆಯಲ್ಲಿ ಒಬ್ಬಳೇ ಇದ್ದಳು. ಅದು ತಮ್ಮನಿಗೆ ಸರಿಬರುತ್ತಿರಲಿಲ್ಲ. ವೃದ್ಧಾಶ್ರಮವೊಂದರ ಬಣ್ಣದ ಕಾಗದವನ್ನು ಆಗಲೇ ಎರಡು ಸಲ ಮರೆತವನಂತೆ ಮೇಜಿನ ಮೇಲೆ ಬಿಟ್ಟುಹೋಗಿದ್ದ.

ಹೀಗಿರುವಾಗ ಮಂಗಳವಾರ ಮಂಗಳವಾರ ಆರೋಗ್ಯ ಕೇಂದ್ರದ ನರ್ಸು ಮನೆಗೆ ಬರತೊಡಗಿದರೆ ಇದು ತಮ್ಮನದೇ ಕೆಲಸವೆಂಬ ಅನುಮಾನ ಹುಟ್ಟದೆ ಇದ್ದೀತೇ?

ಆ ಹುಡುಗಿ ಬಿಪಿ ನೋಡಿ ಹೊರಡುವವಳಲ್ಲ. ಕೈ ಊರದೆ ಕುರ್ಚಿಯಿಂದ ಐದು ಸಲ ಏಳಿಸಿ, ಕೂರಿಸಿ, ಗಡಿಯಾರ ನೋಡಿ ಬರೆದುಕೊಳ್ಳುವಳು. ಫ್ರಿಜ್ಜಿನೊಳಗೆ ಇಣುಕುವಳು.

"ವಾರಕ್ಕೆ ಎಷ್ಟು ಜನರ ಜೊತೆ ಮಾತಾಡ್ತೀರಿ ಅಮ್ಮಾ?"

"ನೀವೇನು ಪೊಲೀಸಿನವರಾ?"

ನರ್ಸು ನಕ್ಕಳು. ಆ ನಗುವಿನಲ್ಲಿ ಕಪಟ ಎಷ್ಟು ಹುಡುಕಿದರೂ ಸಿಗಲಿಲ್ಲ. ಆಪರೇಟರಮ್ಮನ ಅನುಮಾನ ಅದರಿಂದಲೇ ಇನ್ನಷ್ಟು ಬಲವಾಯಿತು.

ಅಂದಿನಿಂದ ಏನು ಕೇಳಿದರೂ ಒಂದೇ ಉತ್ತರ: ಚೆನ್ನಾಗಿದೆ. ನಿದ್ದೆ ಚೆನ್ನಾಗಿದೆ, ಕಿವಿ ಚೆನ್ನಾಗಿದೆ. ಬಚ್ಚಲಲ್ಲಿ ಜಾರಿಬಿದ್ದು ಸೊಂಟ ಕಪ್ಪಗಾದದ್ದನ್ನಂತೂ ತುಟಿ ಪಿಟಕ್ಕೆನ್ನದೆ ನುಂಗಿಕೊಂಡಳು. ಆದರೆ ನರ್ಸು ಹೇಳಿಕೊಟ್ಟ ಕಾಲಿನ ವ್ಯಾಯಾಮವನ್ನು ದಿನಾ ಗುಟ್ಟಾಗಿ ಮಾಡುತ್ತಿದ್ದಳು. ಪರೀಕ್ಷೆಯಲ್ಲಿ ಫೇಲಾಗಬಾರದಲ್ಲ!

ಒಂದು ಮಂಗಳವಾರ ನರ್ಸು ಹೊರಟ ಮೇಲೆ ಮೆಟ್ಟಿಲ ಬಳಿ ತಮ್ಮನ ದನಿ ಕೇಳಿಸಿತು. ಆಪರೇಟರಮ್ಮ ಬಲಗಿವಿಯನ್ನು ಬಾಗಿಲಿಗೆ ಒತ್ತಿದಳು.

"ಅಕ್ಕನ ಕೈಲಿ ಒಬ್ಬಳೇ ಇರೋಕಾಗಲ್ಲ ಅಂತ ಬರ್ದುಕೊಡಿ ಸಿಸ್ಟರ್."

"ಮುಂದಿನ ವಾರ ಕಾಗದ ತರ್ತೀನಿ."

ಆಪರೇಟರಮ್ಮನಿಗೆ ವಾರವಿಡೀ ಊಟ ರುಚಿಸಲಿಲ್ಲ. ಮುಂದಿನ ಮಂಗಳವಾರ ಬೆಲ್ ಎಷ್ಟು ಬಾರಿಸಿದರೂ ಚಿಲಕ ತೆಗೆಯಲಿಲ್ಲ.

"ಅಮ್ಮಾ, ಕಾಗದ ಬಾಗಿಲ ಕೆಳಗಿಂದ ತಳ್ತೀನಿ. ಓದಿ ನೋಡಿ. ಆಮೇಲೂ ಬೇಡ ಅಂದ್ರೆ ಹೋಗ್ತೀನಿ."

ಕನ್ನಡಕ ಏರಿಸಿ ಓದಿದಳು. 'ಇವರು ಸದ್ಯಕ್ಕೆ ಒಬ್ಬರೇ ಇರಬಲ್ಲರು. ಕಾಲಿನ ಬಲ ಹೆಚ್ಚಿದೆ. ಎಡಗಿವಿಯ ಪರೀಕ್ಷೆ ಆಗಬೇಕು. ಮನೆ ಬದಲಿಸುವ ಮಾತು ಬಂದರೆ ಮೊದಲು ಇವರನ್ನೇ ಕೇಳಬೇಕು.'

ಕಾಗದದ ಹಿಂಬದಿಯನ್ನೂ ತಿರುಗಿಸಿ ನೋಡಿದಳು. ಏನೂ ಇರಲಿಲ್ಲ. ಬಾಗಿಲನ್ನು ಗೇಣಷ್ಟು ತೆರೆದಳು.

"ತಮ್ಮನಿಗೆ ಕೊಡೋದನ್ನ ನನಗ್ಯಾಕೆ ತೋರಿಸ್ತೀರಿ?"

"ನಿಮ್ಮ ವಿಷಯ ಅಲ್ವಾ? ನೀವು ಒಪ್ಪದೆ ಯಾರಿಗೂ ಕೊಡಲ್ಲ. ಆದ್ರೆ ನೀವೇನಾದ್ರೂ ಮುಚ್ಚಿಟ್ಟಿದ್ರೆ ನಾನು ಬರೆದದ್ದು ಸುಳ್ಳಾಗುತ್ತೆ."

ಇದೇ ಬಲೆಯಿರಬಹುದೇ? ಆಪರೇಟರಮ್ಮ ಕಾಗದವನ್ನು ಇನ್ನೊಮ್ಮೆ ಓದಿದಳು. ಕೊನೆಗೆ, "ಬಚ್ಚಲಲ್ಲಿ ಬಿದ್ದಿದ್ದೆ," ಎಂದಳು. "ಇನ್ನೇನು, ಕಾಗದ ಹರಿದುಹಾಕ್ತೀಯಾ?"

"ಎಲ್ಲಿ ಬಿದ್ರಿ, ತೋರಿಸಿ."

ನರ್ಸು ಸೊಂಟ ನೋಡಿದಳು, ಬಚ್ಚಲು ನೋಡಿದಳು. ಆಮೇಲೆ ಕಾಗದದ ಕೊನೆಗೆ ಒಂದು ಸಾಲು ಸೇರಿಸಿದಳು: 'ಬಚ್ಚಲ ಗೋಡೆಗೆ ಹಿಡಿಕೆ, ನೆಲಕ್ಕೆ ಜಾರದ ರಬ್ಬರ್ ಹಾಸು ಬೇಕು.' ಮೊದಲ ಸಾಲನ್ನು ಮುಟ್ಟಲಿಲ್ಲ.

ಅಕ್ಕನೇ ಒಪ್ಪಿ ಕೊಟ್ಟ ಕಾಗದ ಓದಿದ ತಮ್ಮ, ಮುಖ ಸಿಂಡರಿಸಿದ. ಆದರೂ ಭಾನುವಾರ ಡ್ರಿಲ್ ಹಿಡಿದು ತಾನೇ ಬಂದು ಹಿಡಿಕೆ ಕೂರಿಸಿದ. ಆಪರೇಟರಮ್ಮ ಅದನ್ನು ಎರಡೂ ಕೈಯಲ್ಲಿ ಜಗ್ಗಿ ಜಗ್ಗಿ ನೋಡಿ, "ನಾಲ್ಕೂ ಸ್ಕ್ರೂ ಹಾಕಿದ್ದೀಯೇನೋ?" ಎಂದಳು.