ಹನ್ನೊಂದು ಗಂಟೆಯ ರೈಟು

ತೊಳೆದ ಲೋಟವನ್ನೇ ಮತ್ತೆ ತೊಳೆಯುತ್ತಿದ್ದಳು ಟೆಲಿಫೋನಿನವಳು. ನೀರು ಸರಬರಾಜು ಕಚೇರಿಯಲ್ಲಿ ಹತ್ತೊಂಬತ್ತು ವರ್ಷ ಫೋನಿನ ಮುಂದೆ ಕೂತವಳಿಗೆ ಆ ಹೆಸರೇ ಗಟ್ಟಿಯಾಗಿತ್ತು. ಅದೇ ಕಚೇರಿಯ ಪಂಪಿನವನನ್ನು ಮಣ್ಣು ಮಾಡಿ ಬಂದ ಜನ ಅವನ ಮನೆಯ ಹೊರಗಿನ ಕೋಣೆಯಲ್ಲಿ ಕೂತಿದ್ದರು, ಇವಳು ಒಳಗೆ ಅಡುಗೆಮನೆಯಲ್ಲಿ. ಅಲ್ಲಿಗೆ ಹೋಗಿ ಅವನ ಹೆಂಡತಿಯ ಮುಖ ನೋಡುವುದಕ್ಕಿಂತ ಊರ ಲೋಟಗಳನ್ನೆಲ್ಲ ತೊಳೆಯುವುದೇ ವಾಸಿ ಅನ್ನಿಸಿತ್ತು ಅವಳಿಗೆ. ಎರಡು ದಿನದಿಂದ ನಿದ್ದೆಯಿಲ್ಲ.

"ಮೂರು ಗಂಟೆಗೂ ಫೋನ್ ಮಾಡಿದ್ದಾನೆ, ಪುಸ್ತಕದಲ್ಲಿದೆ," ಎಂದು ಕಚೇರಿಯ ಸಾಹೇಬರು ಹೊರಗೆ ಯಾರಿಗೋ ಹೇಳುತ್ತಿದ್ದರು. "ಆಮೇಲೆ ಬಿದ್ದಿರೋದು. ಬಿದ್ದ ಕೂಡಲೇ ಪ್ರಾಣ ಹೋಗಿರುತ್ತೆ. ನರಳಿಲ್ಲ, ಪುಣ್ಯಾತ್ಮ."

"ಅಷ್ಟಾದ್ರೂ ಆಯ್ತಲ್ಲ," ಅಂದಿತು ಒಂದು ಮುದಿ ದನಿ.

* * *

ಊರಿನಿಂದ ಎಂಟು ಮೈಲಿ ದೂರದ ಪಂಪುಮನೆಯಲ್ಲಿ ಬೆಳಿಗ್ಗೆ ಎಂಟರಿಂದ ನಾಲ್ಕರವರೆಗೆ ಅವನೊಬ್ಬನೇ. ಎರಡು ಮೋಟಾರು, ಒಂದು ಸ್ಟೂಲು, ಒಂದು ಫೋನು. ಜಾಲರಿಗೆ ಸಿಕ್ಕಿಕೊಂಡ ಕಸ ತೆಗೆಯಲು ದಿನಕ್ಕೆರಡು ಬಾರಿ ಕಬ್ಬಿಣದ ಏಣಿಯಲ್ಲಿ ಬಾವಿಗಿಳಿಯಬೇಕು. ಒಂಟಿ ಕೆಲಸವಾದ್ದರಿಂದ ಕಚೇರಿಯದೊಂದು ಕಟ್ಟಳೆ ಇತ್ತು: ಗಂಟೆಗೊಮ್ಮೆ ಅವನು ಫೋನ್ ಮಾಡಿ ಕ್ಷೇಮ ಹೇಳಬೇಕು, ಇವಳು ಪುಸ್ತಕದಲ್ಲಿ ಆ ಗಂಟೆಯ ಎದುರು ರೈಟು ಗುರುತು ಹಾಕಬೇಕು. ಫೋನು ಬರದಿದ್ದರೆ ಹತ್ತು ನಿಮಿಷದೊಳಗೆ ಜೀಪು ಹೊರಡಬೇಕು.

"ಬದುಕಿದ್ದೀನಿ ಅಂತ ದಿನಕ್ಕೆ ಎಂಟು ಸಲ ನಿಮಗೆ ಹೇಳ್ತೀನಲ್ರೀ," ಅಂತ ನಗುತ್ತಿದ್ದ. "ಕಟ್ಕೊಂಡವಳಿಗೆ ಇಷ್ಟು ವರ್ಷದಲ್ಲಿ ಒಂದ್ಸಲಾನೂ ಹೇಳಿಲ್ಲ."

ಬೇಸಿಗೆ ಬಂತೆಂದರೆ ನಲ್ಲಿಯಲ್ಲಿ ನೀರಿಲ್ಲವೆಂದು ಬೈಯುವವರ ಕರೆಗಳಿಂದ ಅವಳಿಗೆ ಪುರುಸೊತ್ತೇ ಇರುತ್ತಿರಲಿಲ್ಲ. ಅವಳ ಪಾಡು ನೋಡಲಾರದೆ ಅವನೇ ಹೇಳಿದ: "ನೀವು ಎತ್ತಬೇಡಿ. ಎರಡು ರಿಂಗು ಕೊಟ್ಟು ಇಟ್ಬಿಡ್ತೀನಿ. ನಾನೇ ಅಂತ ತಿಳ್ಕೊಳ್ಳಿ." ಕೆಲವು ವರ್ಷ ಹಾಗೇ ನಡೆಯಿತು. ಗಡಿಯಾರ ತಪ್ಪಿದರೂ ಅವನು ತಪ್ಪುವವನಲ್ಲ. ಆ ನೆಚ್ಚಿಕೆಯಲ್ಲೇ ಅವಳು ಬೆಳಿಗ್ಗೆ ಬಂದವಳೇ ಇಡೀ ದಿನದ ಎಂಟು ರೈಟುಗಳನ್ನೂ ಒಟ್ಟಿಗೆ ಹಾಕಿಡತೊಡಗಿದಳು. ಅದು ಸೋಮಾರಿತನವೆಂದು ಅವಳಿಗೆ ಅನ್ನಿಸಲೇ ಇಲ್ಲ. ಅವನ ಮೇಲಿನ ನಂಬಿಕೆಯೆಂದೇ ಅನ್ನಿಸಿತ್ತು.

ಮೊನ್ನೆ ಹತ್ತಕ್ಕೆ ಎರಡು ರಿಂಗು ಬಂತು. ಹನ್ನೊಂದಕ್ಕೆ ಬರಲಿಲ್ಲ. ಬೇರೆ ಕರೆಗಳ ಗದ್ದಲದಲ್ಲಿ ತನಗೇ ಕೇಳಿಸಿರಲಿಕ್ಕಿಲ್ಲ ಅಂದುಕೊಂಡಳು. ಹನ್ನೆರಡಕ್ಕೆ ಹಾಗೆ ಅಂದುಕೊಳ್ಳಲೂ ಇಲ್ಲ, ಮರೆತೇಬಿಟ್ಟಿದ್ದಳು. ನಾಲ್ಕಕ್ಕೆ ಪಾಳಿ ಬದಲಿಸಲು ಹೋದವನು ಅವನನ್ನು ಏಣಿಯ ಬುಡದಲ್ಲಿ ಕಂಡ.

* * *

ಹೆಂಡತಿಯೇ ಅಡುಗೆಮನೆಗೆ ಬಂದಳು. ಬಾಗಿಲು ಮುಂದೆ ಮಾಡಿ ಗೋಡೆಗೊರಗಿ ಕೂತಳು.

"ನೀನು ದಿನಾ ಅವರ ಫೋನ್ ತಗೊಳ್ಳೋಳು. ಒಂದು ಕೇಳ್ತೀನಿ, ಮುಚ್ಚಿಡಬೇಡ. ಆವತ್ತು ನನ್ನ ಮೇಲೆ ಸಿಟ್ಟಲ್ಲಿದ್ರಾ?"

"ಯಾಕಕ್ಕ ಹಾಗಂತೀರಿ?"

"ಬೆಳಿಗ್ಗೆ ಬಾಯಿಗೆ ಬಂದಂಗೆ ಅಂದೆ. ಮಗಳ ಮನೆಗೆ ಹೋಗಿಬರೋಕೆ ಎರಡು ದಿನ ರಜ ಹಾಕಿ ಅಂದ್ರೆ, ಪಂಪು ಯಾರು ನೋಡ್ತಾರೆ ಅಂದ್ರು. ಆ ಪಂಪನ್ನೇ ಕಟ್ಕೊಂಡು ಸಾಯಿರಿ ಅಂದುಬಿಟ್ಟೆ." ಸೆರಗಿನಿಂದ ಮುಖ ಒರೆಸಿಕೊಂಡಳು. "ಊಟದ ಡಬ್ಬಿ ವಾಪಸ್ ಬಂತು. ಮುಚ್ಚಳಾನೂ ತೆಗೆದಿಲ್ಲ. ಹನ್ನೆರಡೂವರೆ ಆದ್ರೆ ಹಸಿವು ತಡೆಯೋ ಮನುಷ್ಯ ಅಲ್ಲ. ಮೂರು ಗಂಟೆಗೂ ನಿಂಗೆ ಫೋನ್ ಮಾಡಿದ್ದಾರೆ, ನನ್ನ ಅಡುಗೆ ಮಾತ್ರ ಮುಟ್ಟಿಲ್ಲ. ಹಸ್ಕೊಂಡೇ ಹೋದ್ರು ಕಣೇ, ನನ್ನ ಮೇಲಿನ ಸಿಟ್ಟಿಗೆ."

ಟೆಲಿಫೋನಿನವಳು ಕೈಯಲ್ಲಿದ್ದ ಲೋಟ ಕೆಳಗಿಟ್ಟಳು. ಸುಮ್ಮನಿದ್ದರೆ ಕೆಲಸ ಉಳಿಯುತ್ತದೆ, ಮಾನ ಉಳಿಯುತ್ತದೆ, ನರಳಲಿಲ್ಲವೆಂಬ ಸಮಾಧಾನವೂ ಈ ಮನೆಗೆ ಉಳಿಯುತ್ತದೆ. ಆದರೆ ಈ ಹೆಂಗಸು ಬದುಕಿರುವಷ್ಟು ದಿನ ತುತ್ತುತುತ್ತಿಗೂ ತನ್ನನ್ನೇ ಶಪಿಸಿಕೊಳ್ಳುತ್ತಾಳೆ. ಎಷ್ಟು ಲೆಕ್ಕ ಹಾಕಿದರೂ ಸುಳ್ಳನ್ನು ಹೊರುವಷ್ಟು ತ್ರಾಣ ಇವಳಲ್ಲಿ ಉಳಿದಿರಲಿಲ್ಲ.

"ಸಿಟ್ಟಿಂದ ಅಲ್ಲಕ್ಕ," ಅಂದಳು. "ಮೂರು ಗಂಟೆಗೆ ಅವರು ಫೋನ್ ಮಾಡಿಲ್ಲ. ಹನ್ನೊಂದಕ್ಕೂ ಮಾಡಿಲ್ಲ. ಊಟದ ಹೊತ್ತಿಗೆ ಮುಂಚೇನೇ ಬಿದ್ದಿದ್ದಾರೆ. ಪುಸ್ತಕದಲ್ಲಿರೋ ರೈಟೆಲ್ಲ ನಾನು ಬೆಳಿಗ್ಗೇನೇ ಹಾಕಿಟ್ಟಿದ್ದು."

"ಹಾಗಾದ್ರೆ... ನಾಲ್ಕರವರೆಗೂ ಅಲ್ಲೇ?"

"ಹೂಂ. ಜೀವ ಇತ್ತೋ ಇಲ್ವೋ ಗೊತ್ತಿಲ್ಲಕ್ಕ. ಹನ್ನೊಂದಕ್ಕೇ ಜೀಪು ಕಳಿಸಬೇಕಿತ್ತು. ಕಳಿಸಲಿಲ್ಲ."

ಹೆಂಡತಿ ಗೋಡೆ ಹಿಡಿದು ಎದ್ದಳು. ಹೊಡೆಯುತ್ತಾಳೆಂದು ಇವಳು ಕಣ್ಣು ಮುಚ್ಚಿದಳು. ಹೊಡೆದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಆದರೆ ಕೇಳಿಸಿದ್ದು ಬಾಗಿಲು ತೆರೆದ ಸದ್ದು.

"ಸಾಹೇಬ್ರೇ, ಬನ್ನಿ ಇಲ್ಲಿ. ಮಗಳೇ, ನೀನೂ ಬಾ. ಇವಳು ಹೇಳೋದನ್ನ ಎಲ್ಲರೂ ಕೇಳಿ."

ಜನ ಒಬ್ಬೊಬ್ಬರಾಗಿ ಬಂದು ಗೋಡೆಯುದ್ದಕ್ಕೂ ನಿಂತರು. ಹೆಂಡತಿ ಅವರ ನಡುವೆ ದಾರಿ ಮಾಡಿಕೊಂಡು ಹೋಗಿ ಒಂದು ಕುರ್ಚಿಯನ್ನು ದರದರ ಎಳೆದು ತಂದಳು. ಅಡುಗೆಮನೆಯ ನಟ್ಟನಡುವೆ ಅದನ್ನಿಟ್ಟು, ಅದರ ಮೇಲಿನ ಧೂಳನ್ನು ತನ್ನ ಅಂಗೈಯಿಂದಲೇ ಒರೆಸಿದಳು.

"ಕೂತ್ಕೊಂಡು ಹೇಳು," ಅಂದಳು.