ಹಾವಿನ ಮದ್ದಿನ ಕುದುರೆ

ನಾನು ಒಂದು ಬಿಳಿ ಕುದುರೆ. ಬಿಳಿ ಎಂದು ನಾನು ಹೇಳಿಕೊಳ್ಳುತ್ತೇನೆ, ನೋಡಿದವರು ಬೂದಿ ಬಣ್ಣ ಎನ್ನುತ್ತಾರೆ. ಹುಟ್ಟಿದ್ದು ಚನ್ನಪಟ್ಟಣದ ಒಂದು ಜಟಕಾ ಲಾಯದಲ್ಲಿ. ನನ್ನ ತಾಯಿ ಬೆಳಿಗ್ಗೆ ಸ್ಟೇಷನ್ನಿಗೆ ಎರಡು ಬಾಡಿಗೆ ಮುಗಿಸಿ ಬಂದು, ಮಧ್ಯಾಹ್ನ ನನ್ನನ್ನು ಹೆತ್ತು, ಮೂರನೆಯ ವಾರಕ್ಕೆ ಮತ್ತೆ ಗಾಡಿಗೆ ಕತ್ತು ಕೊಟ್ಟಳಂತೆ. ನಮ್ಮ ಜಾತಿಯಲ್ಲಿ ಬಾಣಂತನ ಅಷ್ಟೇ.

ಯಜಮಾನರು ಬುಡೇನ್ ಸಾಬರು. ನನಗೆ ಬಿಜಲಿ, ಅಂದರೆ ಮಿಂಚು, ಎಂದು ಹೆಸರಿಟ್ಟರು. ಆ ಹೆಸರಿಗೆ ತಕ್ಕ ಹಾಗೆ ನಾನು ಒಂದು ದಿನವೂ ಓಡಲಿಲ್ಲ. ಕುದುರೆ ಕಂಡರೆ ಕಾಲುನೋವು ಎಂಬ ಗಾದೆ ಕಟ್ಟಿದವರು ನಮ್ಮ ಸ್ಟೇಷನ್ ರಸ್ತೆಯವರೇ ಇರಬೇಕು. ನಾಲ್ಕು ಹೆಜ್ಜೆ ದೂರದ ಮಾರ್ಕೆಟ್ಟಿಗೂ ಜನ ಹತ್ತಿ ಕೂರುತ್ತಿದ್ದರು. ಆಮೇಲೆ ಆಟೋಗಳು ಬಂದವು, ಜನರ ಕಾಲುನೋವು ಅತ್ತ ಹೋಯಿತು. ಒಂದು ಬೆಳಿಗ್ಗೆ ಸಾಬರು ನನ್ನ ಕುತ್ತಿಗೆಯ ಗೆಜ್ಜೆ ಬಿಚ್ಚಿಕೊಂಡು, ನನ್ನನ್ನು ಲಾರಿ ಹತ್ತಿಸಿ, ಆ ಕಡೆ ಮುಖ ಮಾಡಿ ನಿಂತರು. ಅಳುತ್ತಿದ್ದರೋ ಬೀಡಿ ಹಚ್ಚುತ್ತಿದ್ದರೋ ನನಗೆ ಕಾಣಲಿಲ್ಲ. ಅಳುತ್ತಿದ್ದರು ಎಂದೇ ಇಟ್ಟುಕೊಂಡಿದ್ದೇನೆ.

ಲಾರಿ ನನ್ನನ್ನು ಇಳಿಸಿದ್ದು ಹಾವಿನ ವಿಷಕ್ಕೆ ಮದ್ದು ಮಾಡುವ ಒಂದು ಕಂಪನಿಯ ಫಾರಂನಲ್ಲಿ. ಅರವತ್ತು ಕುದುರೆಗಳು, ಉದ್ದನೆಯ ತಗಡಿನ ಲಾಯ. ಹೆಸರು ಹೋಗಿ ತೊಡೆಯ ಮೇಲೆ ನಂಬರು ಬಂತು, ನಲವತ್ತೊಂದು. ಅಲ್ಲಿಯ ಕೆಲಸ ಹೀಗೆ. ನಾಗರ, ಮಂಡಲ, ಕಟ್ಟುಹಾವು ಇವುಗಳ ವಿಷವನ್ನು ಕುದುರೆಯ ಮೈಗೆ ಸ್ವಲ್ಪ ಸ್ವಲ್ಪವೇ ಚುಚ್ಚುತ್ತಾರೆ. ಜ್ವರ ಬರುತ್ತದೆ, ಚುಚ್ಚಿದಲ್ಲಿ ಬಾವು ಏಳುತ್ತದೆ, ಕೀವಾಗುತ್ತದೆ. ಕುದುರೆ ಸಾಯುವುದಿಲ್ಲ. ಅದರ ರಕ್ತ ವಿಷದ ಜೊತೆ ಹೋರಾಡುವುದನ್ನು ಕಲಿಯುತ್ತದೆ. ಆಗ ಕುದುರೆಯನ್ನು ಅಲ್ಲಾಡಲಾಗದಂತೆ ಮರದ ಚೌಕಟ್ಟಿಗೆ ಕಟ್ಟಿ, ಕುತ್ತಿಗೆಯ ನರಕ್ಕೆ ದಪ್ಪ ಸೂಜಿ ಹಾಕಿ, ಬಾಟಲಿ ಬಾಟಲಿ ರಕ್ತ ತೆಗೆಯುತ್ತಾರೆ. ತಿಂಗಳು ಬಿಟ್ಟು ಮತ್ತೆ ಮೊದಲಿನಿಂದ.

ನನ್ನನ್ನು ನೋಡಿಕೊಳ್ಳುತ್ತಿದ್ದವನು ಚೌರಪ್ಪ. ಎರಡು ಮೈಲಿ ಆಚೆ ಒಂದು ಕ್ರೈಸ್ತರ ಊರಿತ್ತು, ಅಲ್ಲಿಯವನು. ಗಾಳಿ ಈ ಕಡೆ ಬೀಸಿದರೆ ಅವರ ಚರ್ಚಿನ ಗಂಟೆ ನಮ್ಮ ಲಾಯಕ್ಕೂ ಕೇಳಿಸುತ್ತಿತ್ತು. ಅವನು ಒಳ್ಳೆಯವನು, ಸ್ವಲ್ಪ ಬಾಯಿಬಡುಕ. ಲಾರಿಯವನಿಂದ ನನ್ನ ಹಳೆಯ ಹೆಸರು ಕೇಳಿಕೊಂಡು, ಅವನೊಬ್ಬ ಮಾತ್ರ ಬಿಜ್ಲಿ ಎಂದೇ ಕರೆಯುತ್ತಿದ್ದ. ನನ್ನನ್ನು ಚೌಕಟ್ಟಿಗೆ ಕಟ್ಟುವವನೂ ಅವನೇ, ಕಟ್ಟಿದ ಮೇಲೆ ಹಣೆ ಸವರುವವನೂ ಅವನೇ. ರಕ್ತ ಇಳಿಯುತ್ತಿರುವಾಗ ಮಾತಾಡುತ್ತಲೇ ಇರುತ್ತಿದ್ದ.

“ಯೇಸು ಸ್ವಾಮಿ ಅನೇಕರನ್ನ ಬಿಡಿಸ್ಕೊಳಾಕೆ ತಮ್ ಪ್ರಾಣಾನೇ ಈಡು ಕೊಟ್ರು ಕಣೋ. ನೀನೂ ಅದೇ ಕೆಲ್ಸ ಮಾಡ್ತಿದೀಯ. ನಿನ್ ರಕ್ತದಿಂದ ಎಷ್ಟು ಜನ ಬದುಕವ್ರೋ, ನಿಂಗೇನ್ ಗೊತ್ತು.”

ಗೊತ್ತಿರಲಿಲ್ಲ, ನಿಜ. ಆದರೆ ಹೊಗಳಿದರೆ ಕುದುರೆಗೂ ಹಿತವೇ. ಸುಮ್ಮನೆ ನಿಂತು ಒಂದು ಆಸೆ ಬೆಳೆಸಿಕೊಂಡೆ. ನನ್ನ ರಕ್ತದಿಂದ ಬದುಕಿದವರು ಯಾರಾದರೂ ಒಬ್ಬರು, ಒಬ್ಬರೇ ಸಾಕು, ಒಂದು ದಿನ ಈ ಬೇಲಿಯ ಹತ್ತಿರ ಬಂದು ನಿಲ್ಲಬೇಕು. ನಾನು ಅವರ ಮುಖ ನೋಡಬೇಕು. ರಸ್ತೆಯಲ್ಲಿ ಯಾರಾದರೂ ನಿಂತರೆ ಕಿವಿ ನಿಗುರಿಸುತ್ತಿದ್ದೆ. ಅವರು ಮೂತ್ರ ಮಾಡಿ ಹೋಗುತ್ತಿದ್ದರು.

ಚೌರಪ್ಪನ ಹೆಂಡತಿ ಜ್ಞಾನಮ್ಮ. ಅವನು ಗ್ಯಾನಿ ಎನ್ನುತ್ತಿದ್ದ. ಮಧ್ಯಾಹ್ನ ಬುತ್ತಿ ತರುವಾಗ ಸೆರಗಿನಲ್ಲಿ ಹುರಿದ ರಾಗಿ ಕಟ್ಟಿಕೊಂಡು ಬಂದು ನನ್ನ ಮೂತಿಗೆ ಹಿಡಿಯುತ್ತಿದ್ದಳು. ಅಂಗೈ ಒರಟು, ಮಾತೂ ಒರಟು. ಒಂದು ದಿನ ನನ್ನ ರಕ್ತ ತೆಗೆಯುತ್ತಿದ್ದಾಗಲೇ ಬಂದು, ಗಂಡನ ಉಪದೇಶವನ್ನೆಲ್ಲ ಕೇಳಿಸಿಕೊಂಡು ನಿಂತಳು. ಆಮೇಲೆ ನಕ್ಕಳು.

“ಯೇಸು ಸ್ವಾಮಿ ತಾವಾಗಿ ಕೊಟ್ರು. ಇದನ್ನ ನೀವು ಕಟ್ಟಾಕಿ ಕಿತ್ಕತಾ ಇದೀರಿ. ಕಿತ್ಕಂಡದ್ದು ಕೊಟ್ಟಂಗಾಯ್ತದಾ? ಇದು ನಿನ್ ವೇಷದ ಸೀಮೋನ, ಅಷ್ಟೇಯ.”

ಅವರ ಊರಿನಲ್ಲಿ ಶುಭ ಶುಕ್ರವಾರದ ಹಿಂದೆಮುಂದೆ ಯೇಸುವಿನ ಪಾಡುಗಳ ನಾಟಕ ಆಡುತ್ತಾರೆ. ಅದರಲ್ಲಿ ಚೌರಪ್ಪನದು ಪ್ರತಿವರ್ಷವೂ ಸೀಮೋನನ ಪಾತ್ರ. ದಾರಿಯಲ್ಲಿ ತನ್ನ ಪಾಡಿಗೆ ಹೋಗುತ್ತಿದ್ದವನನ್ನು ಸೈನಿಕರು ಹಿಡಿದು ತಂದು, ಯೇಸುವಿನ ಶಿಲುಬೆಯನ್ನು ಹೊರಿಸಿದರಲ್ಲ, ಅವನೇ ಸೀಮೋನ. ಹೊರುವುದು ಮಾತ್ರ, ಮಾತಿಲ್ಲ. ಬಾಯಿಬಡುಕನಿಗೆ ಎಂಥ ಪಾತ್ರ ಕೊಟ್ಟಿದ್ದಾರೆ ನೋಡಿ ಎಂದು ಜ್ಞಾನಮ್ಮ ಎಲ್ಲರಿಗೂ ಹೇಳಿ ನಗುತ್ತಿದ್ದಳು. ಅವತ್ತು ಚೌರಪ್ಪ, ನಿಂಗೆ ಅದೆಲ್ಲ ಅರ್ಥ ಆಗಲ್ಲ ಎಂದು ಬುತ್ತಿ ಬಿಚ್ಚಿದ. ನನಗೆ ಮಾತ್ರ ಅರ್ಥವಾಗಿತ್ತು. ಹೊಗಳಿದವನಿಗಿಂತ ನಿಜ ಹೇಳಿದವಳ ಮೇಲೆ ನನಗೆ ಪ್ರೀತಿ ಹುಟ್ಟಿತು.

ಹೀಗೆ ವರ್ಷಗಳು ಕಳೆದವು. ನನ್ನ ಕುತ್ತಿಗೆಯ ಒಂದು ಕಡೆ ಚರ್ಮ ಗಟ್ಟಿಯಾಗಿ, ಸೂಜಿ ಇಳಿಸಲು ಜಾಗ ಹುಡುಕಬೇಕಾಗುತ್ತಿತ್ತು.

ಒಂದು ರಾಗಿ ಕೊಯ್ಲಿನ ಕಾಲ. ಎರಡು ದಿನದ ಹಿಂದೆ ನನ್ನ ರಕ್ತ ತೆಗೆದಿದ್ದರು. ಸುಸ್ತಿತ್ತು. ಅಂಗಳದ ಪಕ್ಕದ ಬೇಲಿಯೊಳಗೆ ನನ್ನನ್ನು ಬಿಚ್ಚಿಬಿಟ್ಟಿದ್ದರು. ಬಿಸಿಲು ಇಳಿಯುವ ಹೊತ್ತಿಗೆ ಒಂದು ಆಟೋ ಗೇಟಿನೊಳಕ್ಕೆ ನುಗ್ಗಿ ಬೇಲಿಯ ಹತ್ತಿರವೇ ನಿಂತಿತು. ಅವತ್ತು ರಜೆ ಹಾಕಿ ಕೊಯ್ಲಿಗೆ ಹೋಗಿದ್ದ ಚೌರಪ್ಪ ಅದರಿಂದ ಹಾರಿ ಇಳಿದ. ಒಳಗೆ ನೆರೆಮನೆಯ ಹೆಂಗಸಿನ ತೊಡೆಯ ಮೇಲೆ ಜ್ಞಾನಮ್ಮ ಮಲಗಿದ್ದಳು. ರಾಗಿ ಹೊರೆ ಎತ್ತುವಾಗ ನಾಗರಹಾವು ಮುಂಗೈಗೆ ಕಚ್ಚಿತ್ತು.

ತಾಲ್ಲೂಕು ಆಸ್ಪತ್ರೆಗೆ ಹೋಗಿದ್ದರಂತೆ. ಹಾವಿನ ಮದ್ದು ಮುಗಿದಿದೆ, ತಡಮಾಡದೆ ಬೆಂಗಳೂರಿಗೆ ಹೋಗಿ ಎಂದಿದ್ದರಂತೆ. ಆಟೋದವನು ಬೆಂಗಳೂರಿನ ಕಡೆಗೇ ತಿರುಗಿಸಿದ್ದ. ಚೌರಪ್ಪ ಬೇಡವೆಂದ. ಮದ್ದು ಮಾಡೋ ಜಾಗ ಇಲ್ಲೇ ಇರುವಾಗ ಬೆಂಗಳೂರಿಗೆ ಯಾಕೆ, ನಮ್ ಫಾರಂಗೆ ಹೊಡಿ ಎಂದ. ಹತ್ತೊಂಬತ್ತು ವರ್ಷ ಬಾಟಲಿಗಳನ್ನು ಎದೆಗವಚಿಕೊಂಡು ಕೋಲ್ಡ್ ರೂಮಿಗೆ ಹೊತ್ತವನು ಅವನು. ಅದೇ ಮದ್ದು ಎಂದು ಅವನು ನಂಬಿದ್ದ. ಆ ನಂಬಿಕೆಯಲ್ಲಿ ಮುಕ್ಕಾಲು ಗಂಟೆ ಹೋಯಿತು.

ಫಾರಂನ ಡಾಕ್ಟರ್ ವಾರಿಜಾ ಮೇಡಂ ಓಡಿ ಬಂದರು. ಕೋಲ್ಡ್ ರೂಮಿನ ಬಾಗಿಲು ತೆರೆದೇ ಇತ್ತು, ಬೇಲಿಯಿಂದ ನನಗೆ ಎಲ್ಲವೂ ಕೇಳಿಸಿತು. ಚೌರಪ್ಪ ಒಂದು ಬಾಟಲಿ ಹಿಡಿದುಕೊಂಡಿದ್ದ. ಅದರ ಮೇಲೆ ನಲವತ್ತೊಂದು ಎಂದು ಬರೆದಿತ್ತು.

“ಇದನ್ನೇ ಕೊಡಿ ಮೇಡಂ. ಇದು ನಮ್ ಬಿಜ್ಲೀದು. ನಾನೇ ನಿಂತ್ಕಂಡು ತೆಗೆಸಿದ್ದು.”

“ಇದಿನ್ನೂ ಮದ್ದಾಗಿಲ್ಲ ಚೌರಪ್ಪ. ಬೇರೆ ಕಡೆ ಕಳಿಸಿ ಶುದ್ಧ ಮಾಡಿ ಮದ್ದಾಗೋಕೆ ಮೂರು ತಿಂಗಳು ಬೇಕು. ಹೀಗೇ ಕೊಟ್ರೆ ಇದೇ ಅವರನ್ನ ಕೊಲ್ಲುತ್ತೆ.”

ಅವರು ಆಗಲೇ ಫೋನಿನಲ್ಲಿ ಬೆಂಗಳೂರಿನ ಆಸ್ಪತ್ರೆಗೆ ತಿಳಿಸುತ್ತಿದ್ದರು, ಇನ್ನೊಂದು ಕೈಯಲ್ಲಿ ತಮ್ಮ ಕಾರಿನ ಬೀಗದ ಕೈ ಹುಡುಕುತ್ತಿದ್ದರು. ಅವರದೇನೂ ತಪ್ಪಿಲ್ಲ. ಯಾರದು ತಪ್ಪು ಎಂದು ಎಷ್ಟೋ ದಿನ ಹುಡುಕಿದ್ದೇನೆ, ನನಗೆ ಸಿಕ್ಕಿಲ್ಲ.

ಅಷ್ಟರಲ್ಲಿ ನಾನು ಬೇಲಿಯ ಹತ್ತಿರ ಬಂದಿದ್ದೆ. ಜ್ಞಾನಮ್ಮನ ಮುಖ ನನಗೆ ಒಂದು ಮಾರು ದೂರದಲ್ಲಿತ್ತು. ಕಣ್ಣು ತೆರೆದಿರಲು ಹೆಣಗುತ್ತಿದ್ದಳು, ರೆಪ್ಪೆ ತಾನಾಗಿ ಇಳಿಯುತ್ತಿತ್ತು. ತುಟಿ ಆಡುತ್ತಿತ್ತು, ಮಾತು ಬರುತ್ತಿರಲಿಲ್ಲ. ಆ ವಿಷ ನನಗೆ ಗೊತ್ತು. ನನ್ನ ಮೈಯಲ್ಲಿ ಅದನ್ನು ಎಷ್ಟು ಸಲ ಸೋಲಿಸಿದ್ದೆ. ಆಗ ನಾನು ಬೇಲಿಯ ಮೇಲಿಂದ ಕುತ್ತಿಗೆ ಚಾಚಿ, ಆಟೋದ ಒಳಗೆ, ಅವಳ ಕೈಯ ಹತ್ತಿರ ಇಟ್ಟೆ. ಯಾರೂ ಕಟ್ಟಿರಲಿಲ್ಲ, ಯಾರೂ ಎಳೆದಿರಲಿಲ್ಲ. ತಗೋ, ಇಲ್ಲೇ ಇದೆ, ಎಲ್ಲವನ್ನೂ ತಗೋ ಎಂದು ನನ್ನ ಭಾಷೆಯಲ್ಲಿ ಹೇಳಿದೆ. ನೆರೆಮನೆಯ ಹೆಂಗಸು ಹೋಗತ್ಲಾಗೆ ಎಂದು ನನ್ನ ಮೂತಿಗೆ ಹೊಡೆದಳು. ಪಾಪ, ಅವಳೂ ಹೆದರಿದ್ದಳು. ಕಾರು ಬಂತು, ಜ್ಞಾನಮ್ಮನನ್ನು ಎತ್ತಿ ಮಲಗಿಸಿದರು, ಧೂಳೆದ್ದಿತು.

ಬೆಂಗಳೂರು ಮುಟ್ಟುವ ಮೊದಲೇ ಉಸಿರು ನಿಂತಿತಂತೆ. ಹಿತ್ತಲ ಗಿಡ ಮದ್ದಲ್ಲ ಎಂದು ಲಾಯದ ಹುಲ್ಲಿನಾಳು ಯಾರಿಗೋ ಹೇಳುತ್ತಿದ್ದ. ಅವನನ್ನು ಒದೆಯಬೇಕು ಎನಿಸಿತು. ಅವತ್ತು ಒದೆಯುವ ಶಕ್ತಿ ಇರಲಿಲ್ಲ.

ನಾನು ಇಷ್ಟು ವರ್ಷದಲ್ಲಿ ಕಣ್ಣಾರೆ ಕಂಡ ಹಾವು ಕಚ್ಚಿದ ಮನುಷ್ಯರೆಂದರೆ ಅವಳೊಬ್ಬಳೇ. ಅವಳಿಗೆ ನನ್ನ ರಕ್ತದ ಒಂದು ತೊಟ್ಟೂ ಸಿಗಲಿಲ್ಲ. ಉಳಿದವರು ಎಲ್ಲೋ ಬದುಕಿದ್ದಾರೆ ಎನ್ನುತ್ತಾರೆ. ಇರಬಹುದು.

ಚರ್ಚಿನಲ್ಲಿ ಅವಳ ಮೂವತ್ತನೆಯ ದಿನದ ಪೂಜೆ ಮುಗಿಸಿ ಚೌರಪ್ಪ ಕೆಲಸಕ್ಕೆ ಬಂದ. ನನ್ನನ್ನು ಮೊದಲಿನಂತೆಯೇ ಚೌಕಟ್ಟಿಗೆ ಕಟ್ಟಿದ. ರಕ್ತ ಬಾಟಲಿಗೆ ಬೀಳುವ ಸದ್ದು ನನಗೆ ಮೊದಲ ಸಲ ಕೇಳಿಸಿದ್ದು ಆಗಲೇ. ಆಮೇಲಿನ ದಿನಗಳಲ್ಲಿ ನಾನು ಕಟ್ಟುವ ಮೊದಲೇ ಕುತ್ತಿಗೆ ಚಾಚುತ್ತಿದ್ದೆ. ಎಷ್ಟು ಚೆನ್ನಾಗಿ ಒಗ್ಗಿಕೊಂಡಿದೆ ನೋಡಿ ಎಂದು ಹೊಸ ಡಾಕ್ಟರು ಹೇಳಿದರು. ಹೇಳಿ, ಹಗ್ಗ ಬಿಗಿಯಲು ಸನ್ನೆ ಮಾಡಿದರು.

ಈಗ ನನ್ನ ಪಿತ್ತಜನಕಾಂಗ ಊದಿದೆ, ರಕ್ತ ಕೆಲಸಕ್ಕೆ ಬರುವುದಿಲ್ಲ. ಲಾಯದ ಹಿಂದೆ ಹೊಂಗೆ ಮರದ ಕೆಳಗೆ ಬಿಟ್ಟಿದ್ದಾರೆ. ಒಂದು ಕಣ್ಣು ಮಂಜು. ಬೇಲಿಯ ಹತ್ತಿರ ಯಾರೂ ಬರುವುದಿಲ್ಲ, ನಾನು ಕಿವಿ ನಿಗುರಿಸುವುದನ್ನೂ ಬಿಟ್ಟಿದ್ದೇನೆ.

ಮೊನ್ನೆ ಚೌರಪ್ಪ ಬಂದಿದ್ದ. ಅದು ಅವನ ಕೆಲಸದ ಕಡೆಯ ದಿನ. ನಾಟಕದಲ್ಲಿ ಸೀಮೋನನ ಪಾತ್ರವನ್ನೂ ಈ ಸಲ ಬೇರೆಯವರಿಗೆ ಬಿಟ್ಟುಕೊಟ್ಟನಂತೆ. ಮರದ ಬುಡದಲ್ಲಿ ಕುಳಿತು, ನನ್ನನ್ನು ನೋಡದೆ ಹೇಳಿದ.

“ಗ್ಯಾನಿ ಹೇಳಿದ್ದೇ ಸರಿ ಕಣೋ. ನೀನೂ ಸೀಮೋನ, ನಾನೂ ಸೀಮೋನ. ಹೊರ್ಸಿದ್ರು, ಹೊತ್ವಿ. ತಾವಾಗಿ ಕೊಟ್ಟೋರು ಇಲ್ಲಿ ಯಾರೂ ಇಲ್ಲ.”

ಒಬ್ಬನಿದ್ದ, ಒಂದು ಸಲ, ಆ ಬೇಲಿಯ ಹತ್ತಿರ, ನೀನು ಒಳಗೆ ಬಾಟಲಿ ಹಿಡಿದು ನಿಂತಿದ್ದಾಗ ಎಂದು ಹೇಳಬೇಕೆನಿಸಿತು. ಹೇಳುವುದು ಹೇಗೆ? ನನಗೆ ತಿಳಿದಿರುವುದು ಒಂದೇ. ಕುತ್ತಿಗೆ ಚಾಚಿ ಅವನ ತೊಡೆಯ ಮೇಲೆ ಇಟ್ಟೆ.

ಅವನು ಹಣೆ ಸವರಿದ. “ರಾಗಿ ತಂದಿಲ್ಲ ಕಣೋ ಇವತ್ತು” ಎಂದ.

ನಾನು ಕುತ್ತಿಗೆಯನ್ನು ಹಾಗೆಯೇ ಇಟ್ಟುಕೊಂಡಿದ್ದೆ.